ಕುಟುಂಬಸಮೇತ ವಾಸಕ್ಕೆ ಯೋಗ್ಯ

ಹದಿನೇಳನೆಯ ಪ್ರಶ್ನೆಯ ಮುಂದೆ ಏನು ಬರೆಯಬೇಕೆಂಬುದು ಶ್ರೀಶೈಲಪ್ಪನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 'ಸಂಸಾರಸ್ಥ ನೌಕರರಿಗೆ ಕೈಗೆಟುಕುವ ಬಾಡಿಗೆಯಲ್ಲಿ ಮನೆಗಳು ಸಿಗುತ್ತವೆಯೇ?' ಸಿಗುತ್ತವೆ. ಸಿಗದೆ ಏನು, ಇದೇನು ಮುಂಬಯಿಯೇ? ಆದರೂ ಮುಂಜಾನೆ ಹತ್ತೂವರೆಗೆ ಕೂತವನು ಹದಿನಾರರವರೆಗೆ ಸರಾಗವಾಗಿ ಬರೆದು, ಹದಿನೇಳನ್ನು ಬಿಟ್ಟು ಹದಿನೆಂಟಕ್ಕೆ ಹಾರಿ, ನಲವತ್ತನ್ನೂ ಮುಗಿಸಿ, ಮತ್ತೆ ಹದಿನೇಳಕ್ಕೇ ಬಂದು ನಿಂತಿದ್ದ. ನೋಯುವ ಹಲ್ಲಿಗೆ ನಾಲಿಗೆ ಹೋಗುವ ಹಾಗೆ ಪೆನ್ನು ಅಲ್ಲಿಗೇ ಹೋಗುತ್ತಿತ್ತು. ಎರಡು ಸಾವಿರದ ಎರಡರ ಮೇ ತಿಂಗಳ ಕೊನೆಯ ವಾರ. ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ನೂರೈವತ್ತು ನೌಕರರ ಹೊಸ ಕಚೇರಿಯೊಂದು ಜಿಲ್ಲೆಗೆ ಮಂಜೂರಾಗಿತ್ತು. ಅದನ್ನು ಇಂಡಿಯಲ್ಲಿಡಬೇಕೋ, ಸಿಂದಗಿಯಲ್ಲೋ, ಮುದ್ದೇಬಿಹಾಳದಲ್ಲೋ, ಬಸವನ ಬಾಗೇವಾಡಿಯಲ್ಲೋ ಎಂದು ತೀರ್ಮಾನಿಸುವುದಕ್ಕೆ ಬಿಜಾಪುರದಿಂದ ನಾಲ್ಕೂ ಕಡೆಗೆ ಒಂದೊಂದು ನಮೂನೆ ಬಂದಿತ್ತು; ಸಿಂದಗಿಯದು ಶ್ರೀಶೈಲಪ್ಪನ ಮೇಜಿನ ಮೇಲಿತ್ತು. ಜೋಳದ ಧಾರಣಿ ಏನು, ಹಾಲು ಲೀಟರಿಗೆ ಎಷ್ಟು, ನಳದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಹೆರಿಗೆಗೆ ಡಾಕ್ಟರು ಸಿಗುತ್ತಾರೆಯೇ, ಮಕ್ಕಳ ಶಾಲೆ ಎಷ್ಟು ದೂರ? ಪ್ರತಿಯೊಂದಕ್ಕೂ ಐದರೊಳಗೆ ಅಂಕ. ಎಲ್ಲ ಮುಗಿದ ಮೇಲೆ ಅಂಕಿಸಂಖ್ಯೆಯ ಅಧಿಕಾರಿ, ಎಂದರೆ ಶ್ರೀಶೈಲಪ್ಪನೇ, 'ಈ ತಾಲೂಕು ಕುಟುಂಬಸಮೇತ ವಾಸಕ್ಕೆ ಯೋಗ್ಯ / ಯೋಗ್ಯವಲ್ಲ' ಎಂಬುದರಲ್ಲಿ ಒಂದನ್ನು ಹೊಡೆದುಹಾಕಿ ಸಹಿ ಮಾಡಬೇಕು. ವಾರಕ್ಕೊಮ್ಮೆ ಬರುವ ನೀರನ್ನು ಅವನು ಆಗಲೇ ನಾಲ್ಕು ದಿನಕ್ಕೊಮ್ಮೆ ಬರಿಸಿಬಿಟ್ಟಿದ್ದ. ಅದಕ್ಕೆ ಪೆನ್ನು ತಡೆದಿರಲಿಲ್ಲ.

"ಬಾಗೇವಾಡಿಯವರು ಬಸವಣ್ಣ ಹುಟ್ಟಿದ ಊರು ಅಂತ ಹೇಳಿ ಐದಕ್ಕ ಆರು ಹಾಕ್ಕೊಂಡಿರ್ತಾರ್ರಿ ಸರ," ಎಂದ ಚಹಾ ತಂದಿಟ್ಟ ಜವಾನ ಕುತುಬುದ್ದೀನ. "ನೀವು ಕೈ ಬಿಗಿ ಹಿಡೀಬ್ಯಾಡ್ರಿ. ಆಫೀಸು ಇಲ್ಲಿ ಬಂತಂದ್ರ ನಮ್ಮ ತಮ್ಮಂದು ಚಾದಂಗಡಿ ನಿಲ್ತೈತಿ."

ಶ್ರೀಶೈಲಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಚಹಾದ ಕಪ್ಪು ಇಟ್ಟ ಜಾಗದ ಪಕ್ಕದಲ್ಲೇ, ಗಾಜಿನ ಗುಂಡಿನ ಕೆಳಗೆ, ಎರಡನೆಯ ಕಾಗದ ಇತ್ತು. ಅದು ಅವನ ಕೈಕೆಳಗಿನ ಗುಮಾಸ್ತ ಸಿದ್ರಾಮನ ವರ್ಗಾವಣೆಯ ಅರ್ಜಿ. ಸಿದ್ರಾಮ ಇಂಡಿ ತಾಲೂಕಿನ ಅಗರಖೇಡದವನು. ಸಿಂದಗಿಗೆ ಬಂದು ವರ್ಷವಾಗಿತ್ತು. ಹೆಂಡತಿ ಹುಲಿಗೆವ್ವ, ಆರು ವರ್ಷದ ಮಗಳು ಸುವರ್ಣಾ ಊರಲ್ಲೇ. ಅವನು ಇಲ್ಲಿ ಹತ್ತಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ರೊಟ್ಟಿ ಬಡಿದುಕೊಂಡು ಇರುತ್ತಿದ್ದ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ ಬರುವವನು. ಒಮ್ಮೆ ಊಟದ ಡಬ್ಬಿ ಬಿಚ್ಚುತ್ತ ತಾನಾಗಿಯೇ ಹೇಳಿದ್ದ: "ನಾ ಚಪ್ಪಲಿ ಬಿಡೂದರಾಗ 'ಯಪ್ಪಾ, ಯಾವಾಗ ಹೋಗ್ತಿ' ಅಂತ ಕೇಳ್ತೈತ್ರಿ ಹುಡುಗಿ. ಬೀಗರಿಗೆ ಕೇಳಿದಂಗ." ಜೂನ್ ಒಂದಕ್ಕೆ ಅದನ್ನು ಒಂದನೆಯ ಇಯತ್ತೆಗೆ ಹಾಕಬೇಕು, ಎಲ್ಲಿ ಹಾಕಿದರೂ ಅಪ್ಪ ಅವ್ವ ಇಬ್ಬರೂ ಇರುವಲ್ಲಿ ಹಾಕಬೇಕು, ಇಷ್ಟೇ ಅವನ ಹಟ. ಅರ್ಜಿಯಲ್ಲಿ ಸಿದ್ರಾಮನ ಮುತ್ತಿನಂಥ ಅಕ್ಷರ: 'ಕುಟುಂಬವನ್ನು ಇರಿಸಲು ಸಿಂದಗಿಯಲ್ಲಿ ಬಾಡಿಗೆ ಮನೆ ದೊರೆಯದ ಕಾರಣ ನನ್ನನ್ನು ಇಂಡಿಗೆ ವರ್ಗಾಯಿಸಬೇಕಾಗಿ ವಿನಂತಿ.' ಕೆಳಗೆ ಮೇಲಧಿಕಾರಿ 'ಕಾರಣ ಪರಿಶೀಲಿಸಿದೆ, ನಿಜವಿದೆ' ಎಂದು ಬರೆಯಲು ಜಾಗ. ಎರಡೂ ಕಾಗದ ಇಂದು ಐದರ ಬಸ್ಸಿನ ಟಪಾಲಿನಲ್ಲಿ ಬಿಜಾಪುರಕ್ಕೆ ಹೋಗಬೇಕು, ಅಲ್ಲಿ ಒಂದೇ ಮೇಜಿನ ಮೇಲೆ ಬೀಳಬೇಕು. ಒಂದು ಕಾಗದದಲ್ಲಿ ಮನೆ ಸಿಗುತ್ತವೆ, ಇನ್ನೊಂದರಲ್ಲಿ ಸಿಗುವುದಿಲ್ಲ, ಎರಡರ ಕೆಳಗೂ ಶ್ರೀಶೈಲಪ್ಪನ ಒಂದೇ ಸಹಿ. ಓದಿದವರು ಏನೆಂದಾರು? ಒಂದು ಬಾಯಲ್ಲಿ ಎರಡು ನಾಲಿಗೆಯವನು ಎಂದಾರು. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ಮೆಮೊ ತೆಗೆದುಕೊಂಡವನಲ್ಲ ಅವನು.

ಮನೆಗಳ ಪಟ್ಟಿ ಮಾಡಲು ಸಿದ್ರಾಮನನ್ನೇ ಕಳಿಸಬಾರದಿತ್ತು. ಹಾಗೆಂದು ಈಗ ಅನ್ನಿಸುತ್ತಿದೆ; ಆಗ ಯಾರಿದ್ದರು ಬೇರೆ? ಹೋದ ವಾರ ಬಿಸಿಲಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಮೂರು ದಿನ ಓಣಿ ಓಣಿ ತಿರುಗಿ ಬಂದು ಸಿದ್ರಾಮ ಪಟ್ಟಿಯನ್ನು ಮೇಜಿನ ಮೇಲಿಟ್ಟಿದ್ದ. ಖಾಲಿ ಇರುವ ಮನೆ ಇಪ್ಪತ್ತೆರಡು, ಮಾಲೀಕರ ಹೆಸರು, ಕೋಣೆ ಎಷ್ಟು, ಬಾಡಿಗೆ ಏನು, ಎಲ್ಲ ಅಚ್ಚುಕಟ್ಟು. "ಭಾಳ ಅದಾವಲ್ಲ್ರಿ!" ಎಂದಿದ್ದ ಶ್ರೀಶೈಲಪ್ಪ, ಹುರುಪಿನಲ್ಲಿ. "ಹೌದ್ರಿ," ಎಂದಿದ್ದ ಸಿದ್ರಾಮ. "ಇದರಾಗ ಹದಿನಾಲ್ಕು ಮನಿ ಮೊದಲ ನನಗ ಗೊತ್ತಿದ್ದುವ್ರಿ. ನಾ ಬಾಡಿಗಿ ಕೇಳಾಕ ಹೋದಾಗ ಖಾಲಿ ಇದ್ದಿದ್ದಿಲ್ಲ. ಸರಕಾರದ ಕಾಗದಾ ಹಿಡಕೊಂಡು ಹೋಗಿ ಕೇಳಿದ್ನಿ, ಖಾಲಿ ಅದಾವು." ದೂರಿದ ಹಾಗೆ ಹೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ಮಳೆ ಬಂತು, ನಿಂತಿತು ಎನ್ನುವ ಹಾಗೆ ಹೇಳಿ ಮುಂದಿನ ಹಾಳೆ ತಿರುವಿದ. ಅಲ್ಲಿ, ಎಲ್ಲದರ ಕೊನೆಗೆ, ಇನ್ನೊಂದು ಸಾಲಿತ್ತು: '23. ಶ್ರೀ ಶ್ರೀಶೈಲಪ್ಪ ಇವರ ಮಾಳಿಗೆ ಮೇಲಿನ ಎರಡು ಕೋಣೆ. ಖಾಲಿ ಇಲ್ಲ. ಸಂಬಂಧಿಕರು ಬರುವವರಿದ್ದಾರೆ.' ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದ ಶ್ರೀಶೈಲಪ್ಪ, ಆವತ್ತು ನಿಜಕ್ಕೂ ಹೆಗಲ ಮೇಲಿನ ಶಲ್ಯವನ್ನು ಸರಿಮಾಡಿಕೊಂಡ. ವ್ಯಂಗ್ಯವೇ? ಸಿದ್ರಾಮನ ಮುಖದಲ್ಲಿ ವ್ಯಂಗ್ಯ ಕಾಣಲಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆಯುವುದು ಅವನ ಕೆಲಸ, ಬರೆದಿದ್ದಾನೆ. ಅದೇ ಹೆಚ್ಚು ಚುಚ್ಚಿತು.

ಸಂಬಂಧಿಕ ಎಂದರೆ ಅಮಿತ, ಹೆಂಡತಿ ರಾಜೇಶ್ವರಿಯ ಅಣ್ಣನ ಮಗ. ಕಾಲೇಜಿಗೆ ಸಿಂದಗಿಗೆ ಬರುತ್ತಾನೆಂದು ಶ್ರೀಶೈಲಪ್ಪ ಎರಡು ತಿಂಗಳ ಹಿಂದೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದ. ಅಮಿತ ಹೂವಿನ ಹಿಪ್ಪರಗಿಯಲ್ಲಿ ಇನ್ನೂ ಒಂಬತ್ತನೆಯ ಇಯತ್ತೆಯಲ್ಲಿ ಚೆಂಡು ಒದೆಯುತ್ತಿದ್ದ. ಆದರೆ ಸಿದ್ರಾಮ ಪ್ರತಿ ಸೋಮವಾರ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ತಲೆ ಎತ್ತಿ, "ಅಮಿತ ಬಂದ್ರೇನ್ರಿ ಸರ?" ಎಂದು ಕೇಳುತ್ತಿದ್ದ. "ಇನ್ನೂ ಇಲ್ರಿ. ರಿಸಲ್ಟ ಬರಬೇಕು." ಮುಂದಿನ ಸೋಮವಾರ: "ಇನ್ನೂ ಇಲ್ರಿ, ಅವರವ್ವಗ ಆರಾಮಿಲ್ಲ." ಇಲ್ಲದ ಹುಡುಗನನ್ನು ಸಾಕುವುದು ಇರುವವನನ್ನು ಸಾಕುವುದಕ್ಕಿಂತ ಕಷ್ಟ ಎಂದು ಶ್ರೀಶೈಲಪ್ಪನಿಗೆ ತಿಳಿಯುತ್ತ ಬಂದಿತ್ತು. ಇನ್ನೊಂದು ಅವನೇ ಗಮನಿಸಿದ್ದ: ಮೊದಲು ಸಿದ್ರಾಮನನ್ನು 'ಬಾರೋ, ಹೋಗೋ' ಎನ್ನುತ್ತಿದ್ದವನು ಆ ದಿನದಿಂದ 'ಬರ್ರಿ, ಹೋಗ್ರಿ' ಎನ್ನತೊಡಗಿದ್ದ. ಯಾರೂ ಹೇಳಿರಲಿಲ್ಲ. ನಾಲಿಗೆ ತಾನಾಗಿಯೇ ದೂರ ಸರಿದು ಕೂತಿತ್ತು.

ಆ ದಿನ ಎಂದರೆ ಹೋಳಿ ಹುಣ್ಣಿಮೆಯಾದ ನಂತರದ ಗುರುವಾರ. ಮಾಳಿಗೆ ಮೇಲಿನ ಕೋಣೆಗಳನ್ನು ಕೊಡುತ್ತೇನೆಂದು ಆಫೀಸಿನಲ್ಲಿ ಅವನೇ ಬಾಯಿಬಿಟ್ಟು ಹೇಳಿದ್ದ, ಸಿದ್ರಾಮ ಕೇಳಿರಲಿಲ್ಲ. ಸಿದ್ರಾಮ ದಲಿತರ ಕೇರಿಯವನು, ಮನೆತನ ಬೌದ್ಧರದು ಎಂಬುದು ಸರ್ವಿಸ್ ಪುಸ್ತಕ ನೋಡುವ ಶ್ರೀಶೈಲಪ್ಪನಿಗೆ ಗೊತ್ತಿತ್ತು, ರಾಜೇಶ್ವರಿಗೆ ಹೇಳಿರಲಿಲ್ಲ. 'ಅಗರಖೇಡದವರು, ಭಾಳ ಛಲೋ ಮಂದಿ' ಎಂದಷ್ಟೇ ಹೇಳಿ, ಮುಂದಿನದು ಮುಂದೆ ಎಂದು ಬಿಟ್ಟಿದ್ದ. ಬಂದು ನೆಲೆಸಿದ ಮೇಲೆ ಗೊತ್ತಾದರೆ ಗೊತ್ತಾಗಲಿ. ಹಾವೂ ಸಾಯದೆ ಕೋಲೂ ಮುರಿಯದೆ ಒಂದು ಒಳ್ಳೆಯ ಕೆಲಸ ಮಾಡಿಬಿಡಬೇಕೆಂಬ ಆಸೆ. ಮುಂಜಾನೆ ಪೂಜೆಗೆ ಕೂತು ವಚನ ಓದುವಾಗ ಆ ನಾಲ್ಕು ದಿನ ಅವನ ದನಿ ಸ್ವಲ್ಪ ದೊಡ್ಡದಾಗಿಯೇ ಇತ್ತು. ಹುಲಿಗೆವ್ವ ಮುಂಚಿನ ಭಾನುವಾರವೇ ಬಂದು ಎರಡೂ ಕೋಣೆಗೆ ತಾನೇ ಸುಣ್ಣ ಬಳಿದಿದ್ದಳು. ಸೆರಗನ್ನು ತಲೆಗೆ ಬಿಗಿದುಕೊಂಡು, ಮೂಲೆಯ ಕಟ್ಟಿಗೆ ಪೆಟ್ಟಿಗೆ ಮೇಲೆ ಹತ್ತಿ, ಹಳೆಯ ಸುಣ್ಣ ಕೆರೆದ ಧೂಳಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ. ರಾಜೇಶ್ವರಿ ಮೇಲೆ ಹೋಗಿ ನೋಡಿ ಬಂದು, "ಕೈ ಅಂದ್ರ ಕೈ ಐತ್ರಿ ಆಕಿದು. ಒಂದು ಗೆರಿ ಬಿಟ್ಟಿಲ್ಲ," ಎಂದು ಹೊಗಳಿದ್ದಳು. ಗುರುವಾರ ಹಾಲು ಉಕ್ಕಿಸಿ ಒಳಗೆ ಬರುವುದೆಂದು ಗೊತ್ತಾಯಿತು. ಹೊಸ ಮನೆಗೆ ಬರುವವರು ಮೊದಲು ಹಾಲು ಉಕ್ಕಿಸದೆ ಹಾಸಿಗೆ ಬಿಚ್ಚುವುದುಂಟೆ? ಬೆಳಿಗ್ಗೆ ಎಂಟಕ್ಕೆ ಮೂವರೂ ಬಂದರು. ಮುಂದೆ ಸುವರ್ಣಾ, ಎರಡೂ ಕೈಯಲ್ಲಿ ಮುಚ್ಚಳ ಮುಚ್ಚಿದ ಹಾಲಿನ ಪಾತ್ರೆ. ಹಿಂದೆ ಹುಲಿಗೆವ್ವ, ಎರಡು ಇಟ್ಟಿಗೆ, ಒಂದಿಷ್ಟು ಕಟ್ಟಿಗೆ. ಅವರ ಹಿಂದೆ ಸಿದ್ರಾಮ, ಬಗಲಲ್ಲಿ ಹೊಸ ಟವೆಲಿನಲ್ಲಿ ಸುತ್ತಿದ ಫೋಟೊ. ಟವೆಲು ಜಾರಿ ಬುದ್ಧನ ಮುಖ ಅರ್ಧ ಕಾಣುತ್ತಿತ್ತು. ಒಳಗಿನಿಂದ ರಾಜೇಶ್ವರಿ ಅದನ್ನು ನೋಡಿದಳು. "ಯಾರ ಪೈಕಿ ಅವರು?" ಎಂದಳು.

ಆಮೇಲೆ ಶ್ರೀಶೈಲಪ್ಪ ಮೆಟ್ಟಿಲ ಮೇಲೆ ಇದ್ದ. ಅವರಿಗಿಂತ ಎರಡು ಮೆಟ್ಟಿಲು ಮೇಲೆ. ಅಮಿತ ಬರುತ್ತಾನೆ, ನಿನ್ನೆ ರಾತ್ರಿಯೇ ಫೋನು ಬಂತು, ತಿಳಿಸಬೇಕೆಂದಿದ್ದೆ, ಎನ್ನುತ್ತಿದ್ದ. ಹುಲಿಗೆವ್ವ ಅವನ ಮುಖ ನೋಡಲಿಲ್ಲ, ಮೇಲಿನ ಬಾಗಿಲನ್ನು ನೋಡಿದಳು, ಇಟ್ಟಿಗೆಗಳನ್ನು ಗೋಡೆಗೆ ಒತ್ತಿ ಸದ್ದಾಗದ ಹಾಗೆ ಇಟ್ಟಳು. ಹುಡುಗಿಗೆ ಮಾತ್ರ ಏನೂ ತಿಳಿಯಲಿಲ್ಲ. "ಯವ್ವಾ, ಹಾಲು ಎಲ್ಲಿ ಉಕ್ಕಸೂದು?" ಎಂದು ಕೇಳಿತು. ಇನ್ನೊಮ್ಮೆ ಕೇಳಿತು. ಆ ಪಾತ್ರೆಯನ್ನು ಹಿಡಿದುಕೊಂಡೇ ಅದು ಬಸ್‌ಸ್ಟ್ಯಾಂಡಿನವರೆಗೆ ನಡೆದಿರಬೇಕು. ಬಿಸಿಲಿಗೆ ಹಾಲು ಎಷ್ಟು ದೂರ ಹೋಗುವವರೆಗೆ ಒಡೆಯದೆ ಉಳಿದೀತು ಎಂದು ಶ್ರೀಶೈಲಪ್ಪ ಆವತ್ತು ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದ್ದ, ದೇವರಹಿಪ್ಪರಗಿಯವರೆಗೆ? ಇಂಡಿಯವರೆಗೆ? ಹೆಂಡತಿ ಒಪ್ಪದಿದ್ದರೆ ಗಂಡಸಾದವನು ಏನು ಮಾಡಬೇಕು? ಮನೆ ಎಂದರೆ ಹೆಂಗಸರದು. ದಿನಬೆಳಗಾದರೆ ಅವರ ಜೊತೆ ನೀರು ಹಂಚಿಕೊಳ್ಳುವವಳು ಅವಳು. ಈ ಮಾತನ್ನು ಅವನು ಎರಡು ತಿಂಗಳಿಂದ ತನಗೆ ತಾನೇ ಹೇಳಿಕೊಂಡು ನುಣುಪು ಮಾಡಿಟ್ಟಿದ್ದ.

ಊಟದ ನಂತರ ಸಾಹೇಬರು ತಾವೇ ಅವನ ಮೇಜಿಗೆ ಬಂದರು. ನಮೂನೆಯನ್ನು ಎತ್ತಿ, ದೂರ ಹಿಡಿದು, ಅಂಕಗಳನ್ನು ಮನಸ್ಸಿನಲ್ಲೇ ಕೂಡಿಸಿದರು. "ಹದಿನೇಳು ಯಾಕ ಬಿಟ್ಟೀರಿ? ಐದು ಹಾಕ್ರಿ. ಇಪ್ಪತ್ತೆರಡು ಮನಿ ಅದಾವು, ಪಟ್ಟಿ ಹಚ್ಚೀರಿ, ಮತ್ತೇನು ಬೇಕು? ಇಂಡಿಯವರು ಬಿಡೂ ಮಂದಿ ಅಲ್ಲ, ಎರಡು ಅಂಕಕ್ಕ ಕಳಕೋಬಾರದು." ಹೋಗುವಾಗ ಗಾಜಿನ ಗುಂಡಿನ ಕೆಳಗಿನ ಕಾಗದ ಕಣ್ಣಿಗೆ ಬಿತ್ತು. ಓದಿದರು. ನಿಧಾನವಾಗಿ ಅಲ್ಲೇ ಇಟ್ಟರು. "ಇದನ್ನ ನೀವು ನೋಡ್ಕೊಳ್ರಿ," ಎಂದರು. ಬೈದಿದ್ದರೂ ಇಷ್ಟು ಕೆಡುಕೆನಿಸುತ್ತಿರಲಿಲ್ಲ. ಶ್ರೀಶೈಲಪ್ಪ ಹದಿನೇಳರ ಮುಂದೆ 'ಸಿಗುತ್ತವೆ' ಎಂದು ಬರೆದ, ಐದು ಹಾಕಿದ, ಕೊನೆಯ ಸಾಲಿನ 'ಯೋಗ್ಯವಲ್ಲ' ಎಂಬುದನ್ನು ಹೊಡೆದ. ನೀಟು ಪ್ರತಿ ಮಾಡಬೇಕಲ್ಲ, ಅಕ್ಷರ ಚೆಂದ ಇರುವವನು ಇಡೀ ಕಚೇರಿಯಲ್ಲಿ ಒಬ್ಬನೇ. ಗಂಟೆ ಬಾರಿಸಿದ.

ಸಿದ್ರಾಮ ನಿಂತುಕೊಂಡೇ ನಮೂನೆಯನ್ನು ಓದಿದ. ಹದಿನೇಳರ ಹತ್ತಿರ ಕಣ್ಣು ನಿಂತಿತೋ ಇಲ್ಲವೋ ಶ್ರೀಶೈಲಪ್ಪನಿಗೆ ತಿಳಿಯಲಿಲ್ಲ, ಅವನು ಕಿಟಕಿಯ ಕಡೆ ನೋಡುತ್ತಿದ್ದ. "ಅರ್ಧಾ ತಾಸಿನ್ಯಾಗ ಮಾಡಿ ತರ್ತೇನ್ರಿ," ಎಂದ ಸಿದ್ರಾಮ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ. "ಸರ, ನನ್ನ ಅರ್ಜಿ ಒಂದೀಟು ಕೊಡ್ರಿಲ್ಲೆ."

"ಯಾಕ್ರಿ?"

"ಎರಡೂ ಒಂದಽ ಟಪಾಲಿನ್ಯಾಗ ಹೋಗ್ತಾವ್ರಿ. ತಾಳ ಆಗಂಗಿಲ್ಲ. ನಿಮಗ ಕೇಳ್ತಾರ." ಗುಂಡನ್ನು ಸರಿಸಿ ಅರ್ಜಿಯನ್ನು ತಾನೇ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. "ಕಾರಣ ಬ್ಯಾರೆ ಬರೀತೇನ್ರಿ. ನಮ್ಮಾಕಿಗೆ ಆರಾಮಿಲ್ಲ, ಇಂಡಿ ದವಾಖಾನಿ ಸನೇ ಆಗ್ತೈತಿ, ಅಂತ. ಏನ್ ಬ್ಯಾನಿ ಬರೀಲ್ರಿ?"

ಶ್ರೀಶೈಲಪ್ಪ ಬೇಡ ಎನ್ನಬೇಕಿತ್ತು. ಬಾಯಿ ತೆರೆದದ್ದೂ ಬೇಡ ಎನ್ನುವುದಕ್ಕೇ. ಆದರೆ ಇಪ್ಪತ್ತೆಂಟು ವರ್ಷ ಖಾಲಿ ಜಾಗ ತುಂಬಿಸುತ್ತ ಬಂದ ಬಾಯಿ ಅದು. "ದಮ್ಮು, ಉಬ್ಬಸಾ ಅಂತ ಬರೀರಿ," ಎಂದ. "ದಮ್ಮಿಗೆ ಸರ್ಟಿಫಿಕೇಟು ಲಗೂ ಕೊಡ್ತಾರ."

"ಹೌದ್ರಿ," ಎಂದು ಸಿದ್ರಾಮ ಹೋದ. ಆಗ ಶ್ರೀಶೈಲಪ್ಪನಿಗೆ ಆದದ್ದು ನಾಚಿಕೆಯಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ನೆಮ್ಮದಿ, ಬೆವರಿದ ಮೈಗೆ ಗಾಳಿ ಸೋಕಿದಂಥ ಅಪ್ಪಟ ನೆಮ್ಮದಿ. ಅದು ಬಂದಿತ್ತೆಂಬುದನ್ನು ಅವನು ಮುಂದೆ ಎಂದೂ ಅಲ್ಲಗಳೆಯಲಾರ. ನಾಲ್ಕೂವರೆಗೆ ಎರಡೂ ಕಾಗದ ಬಂದವು, ಮುತ್ತಿನಂಥ ಅಕ್ಷರದಲ್ಲಿ. 'ಸಿಗುತ್ತವೆ' ಎಂಬುದೂ ಮುತ್ತಿನ ಅಕ್ಷರದಲ್ಲೇ ಇತ್ತು. ಎರಡಕ್ಕೂ ಸಹಿ ಮಾಡಿದ. 'ಕಾರಣ ಪರಿಶೀಲಿಸಿದೆ, ನಿಜವಿದೆ' ಎಂದೂ ಬರೆದ. ಕುತುಬುದ್ದೀನ ಲಕೋಟೆಗೆ ಅರಗು ಹಚ್ಚಿ ಐದರ ಬಸ್ಸಿಗೆ ಒಯ್ದ.

ಮನೆಗೆ ಬಂದಾಗ ರಾಜೇಶ್ವರಿ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಮಾತು ಜಾರಿತು, ದಿನವಿಡೀ ಒಳಗೆ ಕುದ್ದದ್ದು. "ಸಿದ್ರಾಮ ಇಂಡಿಗೆ ಹೊಂಟ. ಆತಲ್ಲ, ನಿನ್ನ ಮನಸ್ಸಿನಂಗ?"

"ನನ್ನ ಮನಸ್ಸಿನಂಗ ಅಂದ್ರ?"

"ನೀನಽ ಅಲ್ಲೇನು ಆವತ್ತು ಬ್ಯಾಡಂದಿದ್ದು?"

ರಾಜೇಶ್ವರಿ ಮೊರದಿಂದ ಕೈ ತೆಗೆದಳು. ಕೋಪಿಸಿಕೊಂಡಂತೆ ಕಾಣಲಿಲ್ಲ, ನೆನಪು ಮಾಡಿಕೊಳ್ಳುವವಳ ಹಾಗೆ ಅವನನ್ನೇ ನೋಡಿದಳು. "ನಾ ಯಾವಾಗ ಬ್ಯಾಡಂದೆ? ಯಾರ ಪೈಕಿ ಅಂತ ಕೇಳಿದೆ. ನೀವು ಹೇಳಿದ್ರ ನಾ ಏನಂತಿದ್ನೋ, ಅದು ನನಗೂ ಗೊತ್ತಿಲ್ಲ. ಬ್ಯಾಡ ಅಂತಿದ್ದೆನೇನೋ. ಜಗಳಾ ಮಾಡ್ತಿದ್ದೆನೇನೋ. ಎರಡು ದಿನಾ ಮುಖಾ ಉಬ್ಬಿಸಿಕೊಂಡು ಕುಂತು ಹೂಂ ಅಂತಿದ್ದೆನೇನೋ. ಆದ್ರ ನೀವು ಕೇಳಿಸಿಕೊಳ್ಳಾಕ ನಿಂತ್ರೇನು? ನನ್ನ ಬಾಯಾಗಿನ ಮಾತು ಬಾಯಾಗಽ ಇತ್ತು, ನೀವು ಧೋತರ ಎತ್ತಿಕೊಂಡು ಮೆಟ್ಟಲಿಗೆ ಓಡಿದ್ರಿ. ಅಮಿತಾ ಬರ್ತಾನ ಅಂತ ನೀವು ಅಂದಾಗ, ನಿಜವಾಗಿ ನಮ್ಮಣ್ಣನ ಫೋನು ಬಂದೈತೇನೋ ಅಂತ ತಿಳಕೊಂಡಿದ್ದೆ ನಾ."

ತನ್ನ ಬೆನ್ನು ತನಗೆ ಕಾಣುವುದಿಲ್ಲ. ಶ್ರೀಶೈಲಪ್ಪನಿಗೆ ಆ ಹೊತ್ತಿನಲ್ಲಿ ಕಂಡಿತು. ಅವಳ ಪ್ರಶ್ನೆಗೂ ಮೆಟ್ಟಿಲಿಗೂ ನಡುವೆ ಏನೂ ಇರಲಿಲ್ಲ. ಇದೆ, ಅಲ್ಲಿ ಹೆಂಡತಿಯ 'ಬ್ಯಾಡ' ಇದೆ ಎಂದು ಎರಡು ತಿಂಗಳು ನಂಬಿ, ಆ ಜಾಗವನ್ನೂ ತಾನೇ ತುಂಬಿಸಿದ್ದ. ದೇವರಮನೆಯ ಮೊಳೆಯಿಂದ ಮಾಳಿಗೆಯ ಚಾವಿ ತೆಗೆದುಕೊಂಡು ಹೊರಬಿದ್ದ. "ಎಲ್ಲಿಗೆ?" ಎಂದಳು ಅವಳು. ಅವನ ಕೈಯಲ್ಲಿನ ಚಾವಿ ನೋಡಿ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ತಡೆಯಲಿಲ್ಲ, ಹೋಗಿ ಬನ್ನಿರೆಂದೂ ಅನ್ನಲಿಲ್ಲ.

ಹೊತ್ತು ಮುಳುಗುವುದರಲ್ಲಿತ್ತು. ಗೋದಾಮಿನ ಹಿಂದಿನ ಕೋಣೆಯ ಮುಂದೆ ಸಿದ್ರಾಮ ಬನಿಯನ್ನಿನಲ್ಲಿ ಕೂತು ಹಿಟ್ಟು ನಾದುತ್ತಿದ್ದ. ಇವನನ್ನು ಕಂಡು ಗಡಬಡಿಸಿ ಎದ್ದ, ಹಿಟ್ಟಿನ ಕೈಯಲ್ಲಿ ಏನು ಮಾಡಬೇಕೋ ತಿಳಿಯದೆ ಎರಡೂ ಕೈ ಮುಂದೆ ಹಿಡಿದುಕೊಂಡು ನಿಂತ. ಶ್ರೀಶೈಲಪ್ಪ ಚಾವಿಯನ್ನು ಕಟ್ಟೆಯ ಮೇಲಿಟ್ಟ.

"ಕೋಣಿ ತಗೋ ಸಿದ್ರಾಮ," ಎಂದ. ಎರಡು ತಿಂಗಳ ಮೇಲೆ ಏಕವಚನ ಬಂದಿತ್ತು. "ನಾಳೆ ಕರಕೊಂಡು ಬಾ ಅವರನ್ನ. ನಾ ನಿಂತು ಹಾಲು ಉಕ್ಕಸ್ತೇನಿ."

"ಅಮಿತ ಬರಾಂವಲ್ರಿ?"

"ಅಮಿತ ಬರಂಗಿಲ್ಲ. ಎಂದೂ ಬರಾಂವ ಇರಲಿಲ್ಲ."

"ಗೊತ್ತೈತ್ರಿ," ಎಂದ ಸಿದ್ರಾಮ.

ಶ್ರೀಶೈಲಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಎಲ್ಲ ಸೋಮವಾರಗಳೂ ಒಟ್ಟಿಗೆ ಬಂದು ಮುಂದೆ ನಿಂತ ಹಾಗಾಯಿತು.

"ಆದ್ರ ಈಗ ಹ್ಯಾಂಗ ಆಗ್ತೈತ್ರಿ ಸರ?" ಸಿದ್ರಾಮ ಮೆತ್ತಗೆ ಹೇಳಿದ, ತಿಳಿಯದವನಿಗೆ ಕಚೇರಿಯ ನಿಯಮ ವಿವರಿಸುವಂತೆ. "ನಿಮ್ಮ ಮಾಳಿಗಿ ಖಾಲಿ ಇಲ್ಲ ಅಂತ ಪಟ್ಟಿಯೊಳಗ ಹೋಗೈತಿ. ನಮ್ಮಾಕಿಗೆ ದಮ್ಮು, ಇಂಡಿ ದವಾಖಾನಿ ಬೇಕು ಅಂತ ಅರ್ಜಿಯೊಳಗ ಹೋಗೈತಿ, ನೀವು ನಿಜಾ ಐತಿ ಅಂತ ಸಹಿ ಮಾಡೀರಿ. ನಾಳೆ ನಾ ಆಕಿನ್ನ ಕರಕೊಂಡು ಬಂದು ನಿಮ್ಮ ಮನಿಯಾಗ ಇಟ್ರ, ಸುಳ್ಳು ಬರದಾಂವ ನಾ ಆಗ್ತೇನಿ. ನೌಕರಿ ಹೋಗ್ತೈತ್ರಿ. ನಮ್ಮ ಪೈಕಿ ಮಂದಿಗೆ ಒಂದಽ ಸುಳ್ಳು ಸಾಕು." ಚಾವಿಯನ್ನು ಮುಟ್ಟದೆ, ಅದರ ಕಡೆ ಗದ್ದ ತೋರಿಸಿದ. "ತಗೊಂಡು ಹೋಗ್ರಿ. ಕಳೀತೈತಿ ಇಲ್ಲಿ."

ಶ್ರೀಶೈಲಪ್ಪ ಚಾವಿ ಎತ್ತಿಕೊಂಡ. ಏನಾದರೂ ಹೇಳಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು, "ಮನಿಯಾಗ ಹೇಳಿದೇನು, ವರ್ಗಾ ಆಗ್ತೈತಿ ಅಂತ?" ಎಂದು ಕೇಳಿದ.

"ಹೇಳಿದ್ನಿ. ಈಗ ಬಸ್‌ಸ್ಟ್ಯಾಂಡಿನಿಂದ ಫೋನ್ ಹಚ್ಚಿದ್ನಿ. ಕಾರಣ ಏನು ಬರದೀರಿ ಅಂದ್ಲು. ನಿನಗ ದಮ್ಮು ಅಂತ ಬರದೇನಿ ಅಂದೆ." ಸಿದ್ರಾಮ ಮತ್ತೆ ಕೆಳಗೆ ಕೂತು ಹಿಟ್ಟಿಗೆ ಕೈ ಹಚ್ಚಿದ. ಮೊದಲ ಸಲ ಅವನ ದನಿ ಸ್ವಲ್ಪ ಒಡೆಯಿತು. "ನಕ್ಕಳ್ರಿ. ಭಾಳ ಹೊತ್ತು ನಕ್ಕಳು. 'ಅವರ ಮನಿಗೆ ಸುಣ್ಣಾ ಬಳಿಯೂಮುಂದ ಬರದ ದಮ್ಮು, ಈಗೆಲ್ಲಿಂದ ಬಂತಪ್ಪಾ' ಅಂದ್ಲು."

ಶ್ರೀಶೈಲಪ್ಪ ಚಾವಿಯನ್ನು ಕಿಸೆಗೆ ಹಾಕಿಕೊಂಡು ಮನೆಯ ಕಡೆ ನಡೆದ.